ಅಂಚಮ್ಮ ಒಳಗೆ ತಳ್ಳಿದ ಸಾಲು

ಆಕೆಗೆ ಅಂಚಮ್ಮ ಅಂತ ಅಡ್ಡಹೆಸರಿಟ್ಟವಳು ನಾನೇ. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಮುಂದೆ ಒಪ್ಪಿಕೊಳ್ಳಬೇಕಾದದ್ದು ಇದಕ್ಕಿಂತ ದೊಡ್ಡದಿದೆ.

ನಾನು ಕೆಲಸಕ್ಕೆ ಸೇರಿದ ಮೂರನೇ ದಿನ ಆಕೆ ನನ್ನ ಕುರ್ಚಿ ಹಿಂದೆ ಬಂದು ನಿಂತರು. ಎತ್ತರದ ಹೆಂಗಸು, ಐವತ್ತು ದಾಟಿದ ವಯಸ್ಸು, ಕೈ ಮಾತ್ರ ಗಂಡಸರ ಕೈಯಷ್ಟು ದೊಡ್ಡದು. ಬೆರಳು ಅಗಲಿಸಿ ಇಟ್ಟರೆ ಅರ್ಧ ಸ್ಕ್ರೀನ್ ಮುಚ್ಚಿಹೋಗುತ್ತಿತ್ತು. ನಾನು ಬರೆದ ಕೋಡಿನ ಎಡ ಅಂಚಿನ ಮೇಲೆ ತೋರುಬೆರಳಿಟ್ಟು ಮೇಲಿಂದ ಕೆಳಗೆ ಎಳೆದರು. ಬೆರಳು ಎರಡು ಕಡೆ ನಿಂತಿತು. "ಇಲ್ಲಿ ನಾಲ್ಕು ಸ್ಪೇಸ್ ಬಿಟ್ಟಿದ್ದೀಯ, ಇಲ್ಲಿ ಮೂರು. ಯಾಕೆ?" ಅಂದರು. ಯಾಕೆ ಅಂದರೆ ಏನು ಹೇಳಲಿ? ಕೈ ಹೋದಲ್ಲಿಗೆ ಹೋಗಿದೆ. ಮಧ್ಯಾಹ್ನ ಊಟದ ಮೇಜಿನಲ್ಲಿ "ಅಂಚಮ್ಮ ಬಂದಿದ್ರು ಇವತ್ತು ನನ್ನ ಹತ್ರ" ಅಂದೆ. ಎಲ್ಲರೂ ನಕ್ಕರು, ಹೆಸರು ಅಂಟಿಕೊಂಡಿತು. ಆಕೆಯೂ ಸುಮ್ಮನಿರಲಿಲ್ಲ, ನನಗೆ "ಅವಸರ" ಅಂತ ಹೆಸರಿಟ್ಟರು. ಮುಖದ ಮುಂದೆಯೇ ಕರೆಯುತ್ತಿದ್ದರು. "ಅವಸರ, ಬಾ ಇಲ್ಲಿ."

ನಮ್ಮದು ಆಸ್ಪತ್ರೆಯ ಡ್ರಿಪ್ ಪಂಪಿಗೆ ಪ್ರೋಗ್ರಾಮ್ ಬರೆಯುವ ಕಂಪನಿ. ಹಾಸಿಗೆ ಪಕ್ಕದ ಕಂಬಕ್ಕೆ ಒಂದು ಡಬ್ಬಿ ಸಿಕ್ಕಿಸಿರುತ್ತಾರಲ್ಲ, ಔಷಧಿಯನ್ನು ಗಂಟೆಗೆ ಇಷ್ಟು ಅಂತ ಅಳೆದು ನರಕ್ಕೆ ಬಿಡುತ್ತೆ, ಅದು. ಡಬ್ಬಿ ಮಾಡುವವರು ಬೇರೆ. ಅದರ ತಲೆಯೊಳಗೆ ಏನು ಓಡಬೇಕು ಅಂತ ಬರೆಯುವವರು ನಾವು ಹನ್ನೊಂದು ಜನ. ಮೂರನೇ ಮಹಡಿ, ಕೆಳಗೆ ಟೈಲ್ಸ್ ಅಂಗಡಿ. ಕಿಟಕಿ ತೆಗೆದರೆ ಟೈಲ್ಸ್ ಕೊಯ್ಯುವ ಸದ್ದು, ಮುಚ್ಚಿದರೆ ಸೆಕೆ.

ಕೋಡ್ ಹೇಗೆ ಬರೆಯಬೇಕು ಅನ್ನುವುದಕ್ಕೆ ನಮ್ಮಲ್ಲಿ ನೀಲಿ ರಟ್ಟಿನ ಒಂದು ಪುಸ್ತಕ ಇತ್ತು. ಬರೆದವರು ಅಂಚಮ್ಮನೇ. ನಲವತ್ತೊಂದು ನಿಯಮ. ಒಳಗಿನ ಸಾಲು ನಾಲ್ಕು ಸ್ಪೇಸ್ ಒಳಗೇ ಇರಬೇಕು. ಒಂದು ಸಂಗತಿಗೆ ಒಂದೇ ಹೆಸರು, ಬೆಳಿಗ್ಗೆ ಒಂದು ಸಂಜೆ ಒಂದು ಕೂಡದು. ಹದಿನೇಳನೇ ನಿಯಮ, ಪರೀಕ್ಷೆಗೆ ಅಂತ ತಾತ್ಕಾಲಿಕವಾಗಿ ಸಾಲು ಹಾಕಿದರೆ ಅದರ ತಲೆಯ ಮೇಲೆ "ತೆಗೆಯಬೇಕು" ಅಂತ ಗುರುತು ಬರೆಯಲೇಬೇಕು. ಆ ಗುರುತು ಒಂದೇ ಒಂದು ಉಳಿದಿದ್ದರೂ, ಮುಗಿದ ಪ್ರೋಗ್ರಾಮ್ ಡಬ್ಬಿಯವರಿಗೆ ಹೋಗುವ ರಿಲೀಸ್ ತಾನಾಗಿ ನಿಂತುಹೋಗುವ ಹಾಗೆ ಆಕೆ ವ್ಯವಸ್ಥೆ ಮಾಡಿದ್ದರು. ಕೊನೆಯ ನಿಯಮ, ಸಾಲನ್ನು ಕೊನೆಗೆ ಮುಟ್ಟಿದವರೇ ಅದಕ್ಕೆ ಜವಾಬ್ದಾರರು. "ನಿಮ್ಮಜ್ಜ ಬರೆದಿದ್ರೂ ಸರಿ, ಮುಟ್ಟಿದ್ಮೇಲೆ ನಿಮ್ಮದೇ" ಅನ್ನುತ್ತಿದ್ದರು.

ನನಗೆ ಇದೆಲ್ಲ ತಲೆನೋವು. ಒಮ್ಮೆ ಜಗಳಕ್ಕೇ ನಿಂತೆ. "ಮೇಡಂ, ಮಷೀನಿಗೆ ಅಂಚು ಗಿಂಚು ಲೆಕ್ಕಕ್ಕಿಲ್ಲ. ಹೇಗೆ ಬರೆದ್ರೂ ಓಡುತ್ತೆ."

"ಮಷೀನಿಗಲ್ಲ ಕಣೇ, ಓದೋರಿಗೆ. ಎಲ್ಲ ಒಂದೇ ಥರ ಇದ್ರೆ, ತಪ್ಪಾಗಿರೋದು ತಾನಾಗೇ ಕಣ್ಣಿಗೆ ಚುಚ್ಚುತ್ತೆ."

"ಇಷ್ಟು ಸಾಲಾಗಿಡೋಕೆ ಇದೇನು ಸೈನ್ಯಾನಾ?"

ಆಕೆಗೆ ನಗು ಬಂತು. ನಗುತ್ತಲೇ ನನ್ನ ಇಪ್ಪತ್ತೆರಡು ಸಾಲು ಸರಿಮಾಡಿಸಿದರು.

ಈ ಹುಚ್ಚು ಎಲ್ಲಿಂದ ಬಂತು ಅಂತ ನನಗೆ ಗೊತ್ತಾದದ್ದು ಎರಡನೇ ವರ್ಷ, ಆಕೆಗೆ ಜ್ವರ ಬಂದಾಗ. ಕೆಲವು ಕಾಗದಕ್ಕೆ ಸಹಿ ಹಾಕಿಸಿಕೊಂಡು ಬರಲು ಮ್ಯಾನೇಜರ್ ನನ್ನನ್ನು ಮನೆಗೆ ಕಳಿಸಿದರು. ಮೊದಲ ಮಹಡಿಯ ಬಾಡಿಗೆ ಮನೆ, ಎರಡು ಕೋಣೆ, ನಡುವೆ ಒಂದು ಹಜಾರ. ಬಾಗಿಲು ತೆಗೆದವರು ಆಕೆಯ ಅಣ್ಣ. ಹಿಂದೆ ರೇಡಿಯೋ ರಿಪೇರಿ ಮಾಡುತ್ತಿದ್ದವರು, ಮೂವತ್ತರ ಹೊತ್ತಿಗೆ ಎರಡೂ ಕಣ್ಣು ಹೋಗಿದ್ದವು. ನನಗೆ ಅದು ಗೊತ್ತಾಗಲೇ ಇಲ್ಲ. ಅಡುಗೆಮನೆಗೆ ಹೋದರು, ಟೀ ಮಾಡಿದರು, ಸಕ್ಕರೆ ಡಬ್ಬಿಯನ್ನು ಕೈಹಾಕಿದ ಕೂಡಲೇ ಎತ್ತಿಕೊಂಡರು, ಏಳು ಹೆಜ್ಜೆ ನಡೆದು ಬಂದು ಗೋಡೆ ಪಕ್ಕದ ಮರದ ಕುರ್ಚಿಯಲ್ಲಿ ಕೂತರು. ತಡವಲಿಲ್ಲ, ಎಡವಲಿಲ್ಲ. ನಾನು ಟೀ ಕುಡಿದ ಲೋಟವನ್ನು ಅವರ ಕಡೆ ಚಾಚಿ ಸುಮ್ಮನೆ ನಿಂತಿದ್ದಾಗಲೇ ಅಂಚಮ್ಮ ಮಂಚದಿಂದ "ಅವನಿಗೆ ಕಾಣಲ್ಲ, ಮೇಜಿನ ಮೇಲಿಡು, ಬಲಗಡೆ ಮೂಲೆಗೆ" ಅಂದದ್ದು.

ಆಕೆ ಹೇಳಿದ್ದು ಇಷ್ಟು. ಆಕೆಗೆ ಹತ್ತೊಂಬತ್ತು ವರ್ಷ ಇದ್ದಾಗ ಒಂದು ದಿನ ಬಕೆಟ್ಟನ್ನು ಹಜಾರದಲ್ಲೇ ಬಿಟ್ಟು ಸ್ನೇಹಿತೆ ಮನೆಗೆ ಹೋದರಂತೆ. ಅಣ್ಣ ಎಡವಿ ಬಿದ್ದು ಮಣಿಕಟ್ಟು ಮುರಿದುಕೊಂಡರು. "ಬಕೆಟ್ ಯಾರಿಟ್ಟಿದ್ದು ಅಂತ ಅವನು ಕೇಳಲೇ ಇಲ್ಲ. ಬೈದಿದ್ರೆ ಮರೀತಿದ್ದೆ." ಅವತ್ತಿನಿಂದ ಆ ಮನೆಯಲ್ಲಿ ಇಟ್ಟ ವಸ್ತು ಇಟ್ಟಲ್ಲೇ ಇರಬೇಕು. ನಾನು ಹೊರಟಾಗ ಆ ಜ್ವರದಲ್ಲೂ ಎದ್ದು ಬಂದು, ಅಣ್ಣನ ಕುರ್ಚಿಗೂ ಗೋಡೆಗೂ ನಡುವೆ ಬೆರಳು ಅಗಲಿಸಿ ಒಂದು ಗೇಣು ಅಳೆದು, ಅರ್ಧ ಬೆರಳಿನಷ್ಟು ಸರಿಸಿ ಹೋಗಿ ಮಲಗಿದರು. ಮಾರನೇ ದಿನ ಆಫೀಸಿನಲ್ಲಿ ನಾನು ಇದನ್ನೂ ತಮಾಷೆ ಮಾಡಿ ಹೇಳಿದೆ. ನನ್ನ ನಾಲಿಗೆ ಅಂಥದ್ದು.

ಇನ್ನು ನನ್ನ ವಿಷಯ. ಹದಿನೇಳನೇ ನಿಯಮ ನಾನು ಪಾಲಿಸುತ್ತಿರಲಿಲ್ಲ. ಎರಡು ನಿಮಿಷದ ಪರೀಕ್ಷೆಗೆ ಯಾರು ಗುರುತು ಬರೆಯುತ್ತಾ ಕೂರುತ್ತಾರೆ? ನನ್ನದೇ ಒಂದು ಪದ್ಧತಿ ಇತ್ತು. ತಾತ್ಕಾಲಿಕ ಸಾಲನ್ನು ಎಲ್ಲ ಸಾಲುಗಳಿಂದ ಹೊರಗೆ ಎಳೆದು, ಎಡ ಅಂಚಿಗೆ ಒತ್ತಿಬಿಡುತ್ತಿದ್ದೆ. ಉಳಿದವೆಲ್ಲ ಒಳಗೆ ಸಾಲಾಗಿ ನಿಂತಿರುವಾಗ ಅದೊಂದು ಹೊರಗೆ ಚಾಚಿಕೊಂಡಿರುತ್ತಿತ್ತು. ಸಂಜೆ ಅಂಚಿನ ಮೇಲೆ ಕಣ್ಣು ಹಾಯಿಸಿದರೆ ಸಾಕು, ಸಿಕ್ಕಿಬೀಳುತ್ತಿತ್ತು, ತೆಗೆದುಹಾಕುತ್ತಿದ್ದೆ. ಅಂಚಮ್ಮ ಹೊರಗೆ ಚಾಚಿದ ಸಾಲು ನೋಡಿ ಮೂರು ಸಲ ಬೈದಿದ್ದರು. ಈ ಕಿವೀಲಿ ಕೇಳಿ ಆ ಕಿವೀಲಿ ಬಿಟ್ಟೆ.

ಆ ವರ್ಷ ಡಬ್ಬಿಯವರು ರಿಲೀಸನ್ನು ಒಂದು ವಾರ ಹಿಂದಕ್ಕೆ ಎಳೆದರು. ಬುಧವಾರಕ್ಕೆ ಇದ್ದದ್ದು ಆ ಮೊದಲಿನ ಬುಧವಾರಕ್ಕೇ ಬೇಕು ಅಂದರು. ಎಲ್ಲರ ತಲೆಯೂ ಬಿಸಿಯಾಗಿತ್ತು. ರಿಲೀಸಿನ ದಿನ ಬೆಳಿಗ್ಗೆ ನಾನು ಪಂಪಿನ ಮೋಟಾರು ಜೋರಾಗಿ ಓಡಿದರೆ ಕಾದು ಬಿಸಿಯಾಗುತ್ತದಾ ಅಂತ ನೋಡುತ್ತಿದ್ದೆ. ಔಷಧಿಯ ವೇಗ ಒಂದು ಮಿತಿ ದಾಟಿದರೆ ಪಂಪು ಒಪ್ಪುವುದಿಲ್ಲ, ಆಗುವುದಿಲ್ಲ ಅಂತ ಕೂಗಿ ನಿಂತುಬಿಡುತ್ತದೆ. ಅದು ರೋಗಿಯ ಕ್ಷೇಮಕ್ಕೆ. ನನ್ನ ಪರೀಕ್ಷೆಗೆ ಅದು ಅಡ್ಡ. ಹಾಗಾಗಿ ಆ ಮಿತಿಯನ್ನೇ ನೋಡಬೇಡ ಅಂತ ಒಂದು ಸಾಲು ಬರೆದೆ, ಎಡ ಅಂಚಿಗೆ ಒತ್ತಿದೆ. ಗುರುತು ಬರೆಯಲಿಲ್ಲ. ಸಂಜೆ ತೆಗೆದರಾಯ್ತು ಅಂತ ಬೇರೆ ಯಾವುದೋ ಮೀಟಿಂಗಿಗೆ ಓಡಿದೆ.

ನಾನು ಮೀಟಿಂಗಿನಲ್ಲಿದ್ದಾಗ ಅಂಚಮ್ಮ ಕೊನೆಯ ಸುತ್ತು ಶುರುಮಾಡಿದ್ದರು. ಪ್ರತಿ ರಿಲೀಸಿಗೆ ಮುಂಚೆ ಎಲ್ಲ ಫೈಲುಗಳನ್ನೂ ಆಕೆ ಒಂದು ಸಲ ನೋಡುತ್ತಿದ್ದರು. ಮೂರು ದಿನದ ಕೆಲಸ, ಅವತ್ತು ಸಿಕ್ಕಿದ್ದು ಮೂರು ತಾಸು. ನನ್ನ ಫೈಲಿಗೆ ಬಂದಾಗ ಮಧ್ಯಾಹ್ನ ಎರಡು ಗಂಟೆ ಐವತ್ತು ನಿಮಿಷ. ಒಂದು ಸಾಲು ಹೊರಗೆ ಚಾಚಿಕೊಂಡಿತ್ತು. ಅವಸರದವಳು ಅಂದುಕೊಂಡಿರಬೇಕು. ನಾಲ್ಕು ಸ್ಪೇಸ್ ಒತ್ತಿ ಅದನ್ನು ಒಳಗೆ ತಳ್ಳಿ ಮುಂದಿನ ಫೈಲಿಗೆ ಹೋದರು.

ನಾಲ್ಕೂವರೆಗೆ ನಾನು ಬಂದು ಅಂಚಿನ ಮೇಲೆ ಕಣ್ಣು ಹಾಯಿಸಿದೆ. ಹೊರಗೆ ಏನೂ ಇರಲಿಲ್ಲ. ಓ, ಆಗಲೇ ತೆಗೆದಿದ್ದೀನಲ್ಲ ಅಂದುಕೊಂಡೆ. ಮಿತಿಯ ಪರೀಕ್ಷೆ ಹಿಂದಿನ ವಾರವೇ ಪಾಸಾಗಿತ್ತು, ಅವಸರದಲ್ಲಿ ಯಾರೂ ಅದನ್ನು ಮತ್ತೆ ಮಾಡಲಿಲ್ಲ. ಐದಕ್ಕೆ ರಿಲೀಸ್ ಹೋಯಿತು. ನಾನು ಹೋಗಿ ಒಂದು ಜೊತೆ ಚಪ್ಪಲಿ ಕೊಂಡೆ. ಆ ಚಪ್ಪಲಿ ಇನ್ನೂ ಇದೆ, ಹಾಕಿಕೊಳ್ಳುವುದಿಲ್ಲ, ಬಿಸಾಡುವುದಕ್ಕೂ ಆಗುವುದಿಲ್ಲ.

ಏಳು ವಾರ ಕಳೆಯಿತು. ಒಂದು ಆಸ್ಪತ್ರೆಯಲ್ಲಿ ಹೊಟ್ಟೆಯ ಆಪರೇಷನ್ ಆದ ಹೆಂಗಸಿಗೆ ನೋವಿನ ಔಷಧಿ ಹಾಕುವಾಗ ನರ್ಸು ಒಂದು ಸೊನ್ನೆ ಜಾಸ್ತಿ ಒತ್ತಿದಳು. ಒತ್ತುತ್ತಾರೆ, ದಿನಕ್ಕೆ ಎಷ್ಟೋ ಜನ ಒತ್ತುತ್ತಾರೆ, ಪಂಪು ಆಗುವುದಿಲ್ಲ ಅನ್ನುತ್ತದೆ, ಸರಿಮಾಡುತ್ತಾರೆ. ಈ ಪಂಪು ಆಯಿತು ಅಂದಿತು. ಹೆಂಗಸಿಗೆ ಮೂವತ್ತನಾಲ್ಕು ವರ್ಷ. ನಿದ್ದೆಯಲ್ಲೇ ಉಸಿರು ನಿಂತಿತು. ಮೊದಲು ನರ್ಸನ್ನು ಕೆಲಸದಿಂದ ತೆಗೆದರು. ಆಮೇಲೆ ಡಬ್ಬಿ ಬಿಚ್ಚಿ ನೋಡಿದರು. ಆಮೇಲೆ ನಮ್ಮ ಮ್ಯಾನೇಜರಿಗೆ ಫೋನ್ ಬಂತು.

ಹನ್ನೊಂದೂ ಜನರನ್ನು ಮ್ಯಾನೇಜರ್ ಕೋಣೆಯಲ್ಲಿ ಕೂರಿಸಿದರು. ಪ್ರೊಜೆಕ್ಟರಿನಲ್ಲಿ ಗೋಡೆಯ ಮೇಲೆ ಆ ಫೈಲು. ನನ್ನ ಸಾಲು ಕೂಡಲೇ ಕಣ್ಣಿಗೆ ಬಿತ್ತು. ಅದು ಉಳಿದ ಸಾಲುಗಳ ನಡುವೆ, ಅವುಗಳಲ್ಲೇ ಒಂದರ ಹಾಗೆ, ಅಚ್ಚುಕಟ್ಟಾಗಿ ನಿಂತಿತ್ತು. ಯಾವ ಸಾಲನ್ನು ಯಾರು ಯಾವಾಗ ಮುಟ್ಟಿದರು ಅನ್ನುವುದಕ್ಕೆ ನಮ್ಮಲ್ಲಿ ದಾಖಲೆ ಇರುತ್ತದೆ. ಪಕ್ಕದಲ್ಲಿ ಅಂಚಮ್ಮನ ಹೆಸರು, ಗಂಟೆ ಎರಡು ಐವತ್ತು. ಇನ್ನೊಂದು ಸಲ ಒತ್ತಿದರೆ ಅದಕ್ಕೆ ಮುಂಚೆ ಮುಟ್ಟಿದವರ ಹೆಸರು ಬರುತ್ತದೆ. ಮ್ಯಾನೇಜರ್ ಬೆರಳು ಮೌಸಿನ ಮೇಲೇ ಇತ್ತು.

"ಮೇಡಂ, ಇದು ನಿಮ್ಮದಾ?"

ಅಂಚಮ್ಮ ಗೋಡೆ ನೋಡುತ್ತಾ ಕೂತರು. ಆ ಸಾಲನ್ನು ಆಕೆ ಓದುತ್ತಿದ್ದರು ಅಂತ ಈಗ ಅನ್ನಿಸುತ್ತದೆ. ಆಮೇಲೆ, "ಕೊನೆಗೆ ಮುಟ್ಟಿದ್ದು ನಾನು. ನನ್ನದೇ" ಅಂದರು.

ಮ್ಯಾನೇಜರ್ ಮೌಸಿನಿಂದ ಕೈ ತೆಗೆದರು. ಅವರಿಗೂ ಒಂದು ಹೆಸರು ಸಾಕಾಗಿತ್ತು. ನಾನು ಬಾಯಿಬಿಡಬೇಕಿತ್ತು. ಬಿಡಲಿಲ್ಲ. ನಾಲಿಗೆ ಬಿದ್ದುಹೋಗಿತ್ತು ಅಂತ ಹೇಳಿದರೆ ಸುಳ್ಳಾಗುತ್ತದೆ, ಅವತ್ತು ಸಂಜೆ ಬಸ್ಸಿನಲ್ಲಿ ಸೀಟಿಗೋಸ್ಕರ ಒಬ್ಬರ ಜೊತೆ ಜಗಳ ಆಡಿದ್ದೇನೆ. ಹೆದರಿಕೆ, ಅಷ್ಟೇ. ಕೆಲಸ ಹೋಗುತ್ತೆ, ಹೆಸರು ಹೋಗುತ್ತೆ, ಇನ್ನೆಲ್ಲೂ ಹತ್ತಿರ ಸೇರಿಸುವುದಿಲ್ಲ ಅಂತ. ಜೊತೆಗೆ ಒಂದು ನೆವವೂ ಕೈಗೆ ಸಿಕ್ಕಿತ್ತು. ಕೊನೆಗೆ ಮುಟ್ಟಿದವರೇ ಜವಾಬ್ದಾರರು ಅನ್ನುವ ನಿಯಮ ಆಕೆಯದೇ ತಾನೇ, ನಾನು ಮಾಡಿದ್ದಲ್ಲವಲ್ಲ ಅಂದುಕೊಂಡೆ.

ಎರಡು ದಿನದ ಮೇಲೆ ಸತ್ತವಳ ಗಂಡ ಬಂದ. ಟೈಲರ್, ಅಂಗಿ ಜೇಬಿನಿಂದ ಅಳತೆಯ ಟೇಪು ಹೊರಗೆ ಇಣುಕುತ್ತಿತ್ತು, ತೆಗೆದಿಟ್ಟು ಬರುವುದನ್ನು ಮರೆತಿದ್ದ. ಒಂಬತ್ತು ಗಂಟೆಗೆ ಬಂದು ರಿಸೆಪ್ಷನ್ನಿನ ಸೋಫಾದಲ್ಲಿ ಕೂತ. ಗಲಾಟೆ ಮಾಡಲಿಲ್ಲ. ಯಾರು ಅಂತ ನೋಡಬೇಕು, ನೋಡಿ ಹೋಗ್ತೀನಿ ಅಂದ. ಮ್ಯಾನೇಜರ್ ಒಳಗಿಂದಲೇ ಯಾರೂ ಹೊರಗೆ ಹೋಗಬೇಡಿ, ವಕೀಲರು ಬರಲಿ ಅಂದರು. ಅಂಚಮ್ಮ ಎದ್ದು ಹೋದರು. ಗಾಜಿನ ಬಾಗಿಲ ಈಚೆ ನಾನು ನಿಂತಿದ್ದೆ, ಎಲ್ಲ ಕೇಳಿಸುತ್ತಿತ್ತು.

"ನಾನೇ ಅಪ್ಪಾ. ಆ ಸಾಲು ಕೊನೆಗೆ ಮುಟ್ಟಿದ್ದು ನಾನು" ಅಂದರು.

ಅವನು ಎದ್ದುನಿಂತ. ಹೊಡೆಯುತ್ತಾನೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವನು ಆಕೆಯ ಮುಖ ನೋಡಿದ, ಬಿಳಿ ಕೂದಲು ನೋಡಿದ.

"ಓದ್ಲಿಲ್ವಾ ಅಮ್ಮಾ ನೀವು, ಅದನ್ನ?"

"ಇಲ್ಲ. ನೋಡಿದೆ. ಓದ್ಲಿಲ್ಲ."

ಅವನು ತಲೆಯಾಡಿಸಿದ. ಮೆಟ್ಟಿಲಿಳಿದು ಹೋದ. ಅಂಚಮ್ಮ ವಾಪಸು ಬಂದು ಬಟ್ಟೆ ಚೀಲಕ್ಕೆ ಕನ್ನಡಕದ ಪೆಟ್ಟಿಗೆ, ನೀರಿನ ಬಾಟಲಿ, ಒಂದು ಸಣ್ಣ ಟವೆಲ್ ಹಾಕಿಕೊಂಡರು. ಇಪ್ಪತ್ತಾರು ವರ್ಷಕ್ಕೆ ಅಷ್ಟೇ. ನೀಲಿ ಪುಸ್ತಕ ತಂದು ನನ್ನ ಮೇಜಿನ ಮೇಲಿಟ್ಟು "ಇನ್ಮೇಲೆ ನೀನು ನೋಡ್ಕೋ" ಅಂದರು. ನನ್ನ ಮುಖ ನೋಡಲಿಲ್ಲ. ಆಕೆಗೆ ಗೊತ್ತಿಲ್ಲ ಅಂತಲೇ ನಾನು ಅಂದುಕೊಂಡೆ, ದೇವರಿಗೆ ಕೈಮುಗಿದೆ. ಎಂಥಾ ಹೆಂಗಸು ನಾನು ನೋಡಿ.

ಎರಡೂವರೆ ತಿಂಗಳು ಆ ಪುಸ್ತಕವನ್ನು ನಾನು ತೆರೆಯಲಿಲ್ಲ. ಹೊಸದಾಗಿ ಸೇರಿದವರಿಗೆ ಪ್ರತಿ ಬೇಕು ಅಂತ ಮ್ಯಾನೇಜರ್ ಕೇಳಿದ ಮೇಲೆ ಜೆರಾಕ್ಸಿಗೆ ಅಂತ ತೆಗೆದೆ. ಹದಿನೇಳನೇ ನಿಯಮದ ಪಕ್ಕ ಪೆನ್ಸಿಲಿನಲ್ಲಿ ಸಣ್ಣಗೆ ಬರೆದಿತ್ತು. "ಅವಸರ. ಅಂಚಿಗೆ ಒತ್ತುತ್ತಾಳೆ. ಮೂರು ಸಲ ಹೇಳಿದೆ. ಕೂತು ಸಮಾಧಾನವಾಗಿ ಇನ್ನೊಮ್ಮೆ ಹೇಳಬೇಕು." ಕೆಳಗೆ ತಾರೀಖು, ರಿಲೀಸಿಗೆ ಒಂದು ತಿಂಗಳು ಹಿಂದಿನದು. ಜೆರಾಕ್ಸ್ ಮಷೀನಿನ ಮುಚ್ಚಳ ತೆರೆದೇ ಬಿಟ್ಟು ನಾನು ಬಸ್ಸು ಹಿಡಿದೆ.

ಬಾಗಿಲು ತೆಗೆದವರು ಅಣ್ಣನೇ. ಹಣೆಯ ಮೇಲೆ ಒಂದು ಬಾವು, ಮೊಣಕಾಲ ಕೆಳಗೆ ಬ್ಯಾಂಡೇಜು. ಕೈ ಗೋಡೆ ಬಿಡುತ್ತಿರಲಿಲ್ಲ. ಒಳಗೆ ನೋಡಿದರೆ ಇದು ಅದೇ ಮನೆಯಾ ಅನ್ನಿಸಿತು. ಹಜಾರದ ನೆಲದ ಮೇಲೆ ಲೋಟ, ಪೇಪರು, ಒಂದು ಬಕೆಟ್. ಮರದ ಕುರ್ಚಿ ದಾರಿಯ ನಡುವೆ ಅಡ್ಡಡ್ಡ ನಿಂತಿತ್ತು. ಅಂಚಮ್ಮ ಒಳಕೋಣೆಯ ಮಂಚದಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ತಲೆ ಬಾಚಿ ಎಷ್ಟು ದಿನವಾಗಿತ್ತೋ.

"ಮೇಡಂ, ಆ ಸಾಲು ನಂದು" ಅಂದೆ. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತೆಲ್ಲ ಎಲ್ಲಿ ಹೋಯಿತೋ.

"ಗೊತ್ತು."

"ಯಾವಾಗಿಂದ?"

"ಗೋಡೆ ಮೇಲೆ ನೋಡಿದ ತಕ್ಷಣ. ಹನ್ನೊಂದು ಜನರ ಕೈ ನಂಗೆ ಗೊತ್ತಾಗಲ್ವಾ?"

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀನು ಅದನ್ನ ಹೊರಗೆ ಎಳೆದಿಟ್ಟಿದ್ದೆ, ಕಣ್ಣಿಗೆ ಬೀಳೋ ಹಾಗೆ. ನಿನ್ನ ದಾರಿ ತಪ್ಪು, ಆದ್ರೂ ನೀನು ಹೊರಗಿಟ್ಟಿದ್ದೆ. ಒಳಗೆ ತಳ್ಳಿದ್ದು ನಾನು. ಸಾಲಾಗಿದ್ರೆ ತಪ್ಪು ಕಾಣುತ್ತೆ ಅಂತ ಇಪ್ಪತ್ತಾರು ವರ್ಷ ಎಲ್ರ ತಲೆ ತಿಂದೆ. ಕಂಡ ತಪ್ಪನ್ನ ನಾನೇ ಸಾಲಿಗೆ ನಿಲ್ಲಿಸಿಬಿಟ್ಟೆ."

"ನಾಳೆ ಹೋಗಿ ಹೇಳ್ತೀನಿ ಮೇಡಂ. ಖಂಡಿತ ಹೇಳ್ತೀನಿ."

"ಯಾರಿಗೆ?"

"ಮ್ಯಾನೇಜರಿಗೆ."

"ಆ ಟೈಲರಿಗೆ ಹೇಳ್ತೀಯಾ?"

ಆಕೆ ಕಾದರು, ನಿಜವಾಗಿಯೂ ಕಾದರು. ಆಮೇಲೆ ಹೊದಿಕೆ ಎಳೆದುಕೊಂಡು, "ಹೋಗು. ಹೋಗ್ತಾ ಬಾಗಿಲು ಎಳ್ಕೊಂಡು ಹೋಗು" ಅಂದರು.

ಮಾರನೇ ದಿನ ಮ್ಯಾನೇಜರಿಗೆ ಹೇಳಿದೆ. ಫೈಲು ಮುಚ್ಚಿದೆ, ಮತ್ತೆ ತೆಗೆದರೆ ಎಲ್ಲರ ಕೆಲಸಕ್ಕೂ ಕುತ್ತು, ಹೋಗಿ ನಿನ್ನ ಕೆಲಸ ನೋಡು ಅಂದರು. ನನಗೆ ಒಳಗೊಳಗೇ ಸಮಾಧಾನವಾಯಿತು, ಆ ಸಮಾಧಾನದ ಮೇಲೆ ಅಸಹ್ಯವೂ ಆಯಿತು. ಟೈಲರಂಗಡಿ ಎಲ್ಲಿದೆ ಅಂತ ಗೊತ್ತು. ಎರಡು ಸಲ ಎದುರು ಫುಟ್‌ಪಾತಿನವರೆಗೆ ಹೋಗಿ ಬಂದಿದ್ದೇನೆ. ಒಳಗೆ ಹೋಗಿಲ್ಲ. ಆದರೆ ಇವೆಲ್ಲ ಆಮೇಲಿನದು. ಅವತ್ತು ಆ ಕೋಣೆಯಿಂದ ಹೊರಗೆ ಬಂದಾಗ ಹಜಾರದಲ್ಲಿ ಅಣ್ಣ ನನಗೇ ಕಾಯುತ್ತಾ ನಿಂತಿದ್ದರು.

"ಒಂದು ಉಪಕಾರ ಮಾಡ್ತೀಯಾ ತಾಯಿ?" ಒಳಗೆ ಕೇಳಿಸದ ಹಾಗೆ ಮೆಲ್ಲಗೆ ಹೇಳಿದರು. "ಆ ಕುರ್ಚಿ ಅದರ ಜಾಗದಲ್ಲಿ ಇಟ್ಟು ಹೋಗು. ಗೋಡೆಯಿಂದ ಒಂದು ಗೇಣು. ಅವಳನ್ನ ಕೇಳಿದ್ರೆ, ಎಲ್ಲಿದ್ರೇನು ಬಿಡು ಅಂತಾಳೆ."

ಲೋಟ, ಪೇಪರು ಎತ್ತಿದೆ. ಬಕೆಟ್ ಬಚ್ಚಲಿಗೆ ಸಾಗಿಸಿದೆ. ಕುರ್ಚಿಯನ್ನು ಗೋಡೆ ಹತ್ತಿರ ತಂದು, ಮಂಡಿಯೂರಿ ಕೂತು, ಬೆರಳು ಎಷ್ಟು ಅಗಲವಾಗುತ್ತೋ ಅಷ್ಟು ಅಗಲಿಸಿ ಗೇಣು ಅಳೆದೆ. ಒಂದು ಸಲ ಅಲ್ಲ, ಎರಡು ಸಲ ಅಳೆದೆ. ಜೀವಮಾನದಲ್ಲಿ ಯಾವ ಕೆಲಸವನ್ನೂ ಅಷ್ಟು ಶ್ರದ್ಧೆಯಿಂದ ಮಾಡಿರಲಿಲ್ಲ.

"ಇಟ್ಟೆ ಅಣ್ಣಾ" ಅಂದೆ.

ಅವರ ಮುಖ ಅರಳಿತು. ಗೋಡೆಯಿಂದ ಕೈ ತೆಗೆದರು. ಅಡುಗೆಮನೆ ಬಾಗಿಲಿಂದ ಏಳು ಹೆಜ್ಜೆ, ಹಿಂದೆ ನಡೆಯುತ್ತಿದ್ದ ಹಾಗೆಯೇ ತಲೆಯೆತ್ತಿಕೊಂಡು ನಡೆದು ಬಂದು, ಕುರ್ಚಿಯ ಕೈ ಮೇಲೆ ಭಾರ ಹಾಕಲು ಕೈ ಇಳಿಸಿದರು. ಕೈಗೆ ಏನೂ ಸಿಗಲಿಲ್ಲ. ಮುಗ್ಗರಿಸಿದರು, ನಾನು ತೋಳು ಹಿಡಿದುಕೊಂಡೆ. ಕುರ್ಚಿ ಮೂರು ಬೆರಳಿನಷ್ಟು ಹಿಂದಿತ್ತು. ನಾನು ಅಳೆದದ್ದು ನನ್ನ ಗೇಣು, ಅಂಚಮ್ಮನ ಗೇಣಲ್ಲ.

ಅವರು ಬಗ್ಗಿ ಗೋಡೆಯನ್ನೂ ಕುರ್ಚಿಯನ್ನೂ ಮುಟ್ಟಿ ನೋಡಿದರು. ಆಮೇಲೆ ನನ್ನ ಕೈ ಹುಡುಕಿ ಹಿಡಿದು ಒಂದೆರಡು ಸಲ ತಟ್ಟಿದರು.

"ಇರಲಿ ಬಿಡು ತಾಯಿ, ನಿಂದೇನೂ ತಪ್ಪಿಲ್ಲ. ಇನ್ಮೇಲೆ ತಡವಿ ನೋಡ್ಕೊಂಡೇ ಕೂತ್ಕೋತೀನಿ" ಅಂದರು.